ಲೋಕದ ಕಾಟ, ಗುಬ್ಬಿಯ ಕಾಲೊರಸು

ಪ್ರಪಂಚದಲ್ಲಿ ಎಲ್ಲೇ ಏನೇ ಕೆಟ್ಟದ್ದಾಗಲಿ, ಅದು ಮೊದಲು ಟಿವಿಯಲ್ಲಿ ಬರುತ್ತೆ, ಆಮೇಲೆ ಗುಬ್ಬಿಯಲ್ಲಿರುವ ನನ್ನ ಶೆಡ್ಡಿಗೆ ಬರುತ್ತೆ. ಎಲ್ಲೋ ಯುದ್ಧ ಅಂದರು, ನಮ್ಮಲ್ಲಿ ಬಣ್ಣದ ಡಬ್ಬದ ರೇಟು ಏರಿತು. ಯಾವುದೋ ಸಮುದ್ರದಲ್ಲಿ ಹಡಗು ಹೋಗೋ ಹಾಗಿಲ್ಲ ಅಂದರು, ಆ ಸಮುದ್ರದ ಹೆಸರೇ ಕೇಳದ ಕಡಬದ ಹೆಣ್ಣುಮಗಳು ಮಗ್ಗ ನಿಲ್ಲಿಸಿ ಕೂತಳು. ಅಷ್ಟು ದೂರದಿಂದ ಬರೋ ಕಷ್ಟಗಳಿಗೆ ನಮ್ಮ ಅಡ್ರೆಸ್ ಯಾರು ಕೊಡ್ತಾರೋ ಗೊತ್ತಿಲ್ಲ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿದರೆ ನಮ್ಮ ಶೆಡ್ಡು ಎಲ್ಲಿದೆ ಅಂತ ಊರಿನವರಿಗೇ ಗೊತ್ತಿರೋದಿಲ್ಲ.

ನಾವು ಮಾಡುವುದು ಕಾಲೊರಸು. ತೆಂಗಿನ ನಾರನ್ನು ಮಗ್ಗದಲ್ಲಿ ನೇಯ್ದು, ಅಳತೆಗೆ ಕತ್ತರಿಸಿ, ಮೇಲೆ ಅಚ್ಚಿಟ್ಟು ಬಣ್ಣದಲ್ಲಿ ಅಕ್ಷರ ಹಾಕ್ತೀವಿ. ಶುರು ಮಾಡಿದವರು ನನ್ನ ಯಜಮಾನರು. ಅವರು ತೀರಿಕೊಂಡ ಮೇಲೆ ಶೆಡ್ಡು ಮುಚ್ಚಿಬಿಡಮ್ಮ ಅಂದವರೇ ಎಲ್ಲ. ನಾನು ಮುಚ್ಚಲಿಲ್ಲ. ಜನ ಅದನ್ನು ಧೈರ್ಯ ಅಂದುಕೊಂಡರು. ನಿಜ ಏನಂದರೆ, ತುಮಕೂರಲ್ಲಿ ನನ್ನದು ಮಹಡಿ ಮೇಲಿನ ಬಾಡಿಗೆ ಮನೆ, ಇರೋದು ನಾನೊಬ್ಬಳೇ, ಮಕ್ಕಳಿಲ್ಲ. ಬೆಳಿಗ್ಗೆ ಎದ್ದು ಗುಬ್ಬಿ ಬಸ್ಸು ಹತ್ತದಿದ್ದರೆ ಇಡೀ ದಿನ ಮಾತಿಗೆ ಸಿಗೋದು ಕುಕ್ಕರ್ ಒಂದೇ. ಅದೂ ನನ್ನ ಮಾತು ಕೇಳೋದಿಲ್ಲ, ತನ್ನದನ್ನೇ ಕೂಗುತ್ತೆ.

ಶೆಡ್ಡಿನಲ್ಲಿ ಮೂವರಿದ್ದಾರೆ. ಅಚ್ಚು ಕತ್ತರಿಸಿ ಬಣ್ಣ ಹಾಕೋ ಸಾಬರು ಗುಬ್ಬಿಯವರೇ, ನನಗಿಂತ ಹಿರಿಯರು, ನನ್ನನ್ನು ಅಮ್ಮ ಅಂತಲೇ ಕರೆಯೋದು. ಕಡಬದಿಂದ ಇಬ್ಬರು ನೇಯೋರು ಬರ್ತಾರೆ. ತಲೆ ಪೂರ್ತಿ ನರೆತಿರೋಳನ್ನು ದೊಡ್ಡಕ್ಕ ಅಂತೀವಿ, ಇನ್ನೊಬ್ಬಳು ಚಿಕ್ಕೋಳು. ಇಷ್ಟೇ ನಮ್ಮ ಕಂಪನಿ.

ಕ್ಷೇಮ ಸಮಾಚಾರ

ನಮ್ಮ ಕಾಲೊರಸು ಕೊಳ್ಳುತ್ತಿದ್ದದ್ದು ಜರ್ಮನಿಯ ಒಬ್ಬ ಮೇಡಂ. ಅವರ ಜೊತೆ ಮೇಲ್‌ನಲ್ಲಿ ಮಾತುಕತೆ ಎಲ್ಲ ಯಜಮಾನರೇ ನೋಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಮೊದಲ ಮೇಲ್ ನನಗೆ ಬಂತು. ಮೊಬೈಲಿನಲ್ಲೇ ಕನ್ನಡ ಮಾಡಿಕೊಂಡು ಓದಿದೆ. ಮೊದಲ ಸಾಲೇ, ನೀವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ ಅಂತ.

ಆ ದಿನಗಳಲ್ಲಿ ನನ್ನ ನೋಡೋಕೆ ಬಂದವರೆಲ್ಲ ಮುಂದೇನು ಮಾಡ್ತೀಯಾ ಅಂತ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಹೇಗಿದ್ದೀಯಾ ಅಂತ ಕೇಳಿದವರು ಈ ಮೇಡಂ ಒಬ್ಬರೇ. ಮನಸ್ಸು ತುಂಬಿ ಬಂತು. ಕೂತು ಉತ್ತರ ಬರೆದೆ. ಎಡಗಾಲಿನ ಮಂಡಿ ಹಿಡಿದುಕೊಳ್ಳೋದು, ಬಿಪಿ ಮಾತ್ರೆ ಬದಲಾಯಿಸಿದ್ದು, ಮಹಡಿಗೆ ನೀರು ಏರದೆ ಇರೋದು, ಸಾಯಂಕಾಲ ಆರರ ಮೇಲೆ ಮನೆ ತುಂಬಾ ದೊಡ್ಡದಾಗೋದು, ಎಲ್ಲ ಬರೆದು ಮೊಬೈಲಿಗೆ ಕೊಟ್ಟು ಇಂಗ್ಲಿಷ್ ಮಾಡಿಸಿ ಕಳಿಸಿದೆ. ಅವರು ಕೇಳಿದ್ದ ಕಾಲೊರಸಿನ ಅಳತೆ ಬರೆಯೋದು ಮಾತ್ರ ಮರೆತಿದ್ದೆ.

ಅತ್ತ ಕಡೆಯಿಂದ ಸ್ವಲ್ಪ ದಿನ ಸದ್ದಿಲ್ಲ. ಆಮೇಲೆ ಬಂದ ಮೇಲ್ ನೇರ ಅಳತೆಯಿಂದಲೇ ಶುರುವಾಗಿತ್ತು. ಕ್ಷೇಮದ ಸಾಲು ಇರಲಿಲ್ಲ. ಕೊನೆಯಲ್ಲಿ ಮಾತ್ರ, ಮಂಡಿಗೆ ಐಸ್ ಇಡಿ ಅಂತ ಒಂದು ಸಾಲಿತ್ತು.

ಇದನ್ನು ನಮ್ಮ ಆಡಿಟರಿಗೆ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಮೇಡಂ, ಅದು ಅವರ ವಾಡಿಕೆ, ನಾವು ಎದುರು ಸಿಕ್ಕವರನ್ನು ಊಟ ಆಯ್ತಾ ಅಂತ ಕೇಳ್ತೀವಲ್ಲ, ಹಾಗೆ; ಹಾಗೆ ಕೇಳಿದರೆ ಯಾರಾದರೂ ಮನೇಲಿ ಏನೇನು ಅಡುಗೆ ಅಂತ ಹೇಳ್ತಾ ನಿಂತ್ಕೋತಾರಾ ಅಂದರು.

ಶೆಡ್ಡಿಗೆ ಬಂದು ಇದನ್ನೇ ಸಾಬರಿಗೆ ಹೇಳಿದೆ. ಅವರು ಕತ್ತರಿಸುತ್ತಿದ್ದ ಅಚ್ಚು ಕೆಳಗಿಟ್ಟು ಯೋಚನೆ ಮಾಡಿ ಅಂದರು, "ನಾನು ಹೇಳ್ತೀನಲ್ಲಮ್ಮಾ."

ಸ್ವಾಗತ ಬೇಡದ ಕಾಲ

ಕೊರೋನಾ ಬಂದಾಗ ದೊಡ್ಡ ಆರ್ಡರ್ ಒಂದು ರೆಡಿಯಾಗಿತ್ತು. ಎಲ್ಲ ಕಾಲೊರಸಿನ ಮೇಲೂ ಜರ್ಮನ್ ಭಾಷೆಯಲ್ಲಿ ಸುಸ್ವಾಗತ ಅಂತ ಅಚ್ಚು. ಮೇಡಂ ಮೇಲ್ ಮಾಡಿದರು. ಅವರ ಅಂಗಡಿಗಳೆಲ್ಲ ಮುಚ್ಚಿವೆ, ಆರ್ಡರ್ ಕ್ಯಾನ್ಸಲ್, ತುಂಬಾ ದುಃಖವಾಗಿದೆ ಅಂತ. ಇಲ್ಲಿ ಬಸ್ಸೂ ನಿಂತಿತು. ತಗಡಿನ ಸೂರಿನವರೆಗೆ ಜೋಡಿಸಿದ್ದ ಸುಸ್ವಾಗತಗಳು ಗುಬ್ಬಿಯಲ್ಲಿ, ನಾನು ತುಮಕೂರಲ್ಲಿ. ಆ ಲಾಕ್‌ಡೌನ್ ದಿನಗಳಲ್ಲಿ ಕುಕ್ಕರಿಗೆ ನಾನು ಹೆಸರಿಡೋದೊಂದು ಬಾಕಿ ಇತ್ತು.

ಬಸ್ಸು ಶುರುವಾದ ಮೇಲೆ ಶೆಡ್ಡಿಗೆ ಹೋದೆ. ನಾಲ್ಕೂ ಜನ ಆ ರಾಶಿ ನೋಡುತ್ತಾ ಕೂತೆವು. ದೊಡ್ಡಕ್ಕ ಮಗ್ಗದ ಮೇಲೆ ಬಟ್ಟೆ ಮುಚ್ಚೋಣವಾ ಅಂತ ಕೇಳಿದಳು. ಅವಳು ಕೇಳಿದ ರೀತಿ ಹೇಗಿತ್ತು ಅಂದರೆ, ನಾನು ಹೂಂ ಅಂದಿದ್ದರೆ ಅವತ್ತೇ ಎಲ್ಲ ಮುಗಿದುಹೋಗುತ್ತಿತ್ತು. ನಾನು ಇಲ್ಲೇ ಮಾರೋಣ ಅಂದೆ.

ಗುಬ್ಬಿ ರಸ್ತೆ ಬದಿಯಲ್ಲಿ ಹರಡಿಕೊಂಡು ಕೂತೆವು. ಮಾಸ್ಕ್ ಹಾಕಿಕೊಂಡು ಬಂದ ಮೇಷ್ಟ್ರೊಬ್ಬರು ಏನು ಬರೆದಿದೆ ಅಂತ ಕೇಳಿದರು. ಸುಸ್ವಾಗತ ಅಂದೆ. ಅವರು ಹಾವು ಕಂಡ ಹಾಗೆ ಹಿಂದೆ ಸರಿದರು. ಈಗ ಯಾರಮ್ಮಾ ಯಾರಿಗೆ ಸ್ವಾಗತ ಮಾಡ್ತಾರೆ, ಬರಬೇಡಿ ಅನ್ನೋದಿದ್ದರೆ ಕೊಡಿ, ಎರಡು ತಗೋತೀನಿ ಅಂದರು.

ಸಾಬರು ಅಂದೇ ಹೊಸ ಅಚ್ಚು ಕತ್ತರಿಸಿದರು. ಹಳೇ ಅಕ್ಷರದ ಮೇಲೆ ಕಪ್ಪು ಬಳಿದು, ಅದು ಒಣಗಿದ ಮೇಲೆ ಬಿಳಿಯಲ್ಲಿ "ದಯವಿಟ್ಟು ಹೊರಗೇ ನಿಲ್ಲಿ" ಅಂತ ಹಾಕಿದರು. ಗುಬ್ಬಿಯಲ್ಲಿ ಖಾಲಿಯಾಯಿತು, ತುಮಕೂರಿನ ಅಂಗಡಿಗಳಲ್ಲಿ ಖಾಲಿಯಾಯಿತು, ಕುಣಿಗಲ್ಲಿನಿಂದ ಫೋನ್ ಬಂತು. ಬನ್ನಿ ಬನ್ನಿ ಅಂತ ಕರೆಯೋ ವ್ಯಾಪಾರಗಳೆಲ್ಲ ಮಲಗಿದ್ದಾಗ, ಬರಬೇಡಿ ಅಂದುಕೊಂಡು ನಾವು ನಾಲ್ಕು ಜನ ಊಟ ಮಾಡಿದೆವು.

ಒಂದನ್ನು ಸ್ಯಾಂಪಲ್ ಅಂತ ನನ್ನ ಮನೆ ಬಾಗಿಲಿಗೂ ಹಾಕಿದ್ದೆ. ಕೆಳಗಿನ ಮನೆ ಓನರಮ್ಮ ಆಗಾಗ ಹುಳಿ ತಂದು ಕೊಡುತ್ತಿದ್ದವರು, ಅದನ್ನು ಓದಿ ಬಟ್ಟಲು ಮೆಟ್ಟಿಲ ಮೇಲಿಟ್ಟು ಹೋಗತೊಡಗಿದರು. ಗ್ಯಾಸಿನವನು ಕೆಳಗಿನಿಂದಲೇ ಕೂಗಿದ. ರೋಗ ಹೋಯಿತು, ಜನ ಮದುವೆ ಮುಂಜಿ ಅಂತ ಓಡಾಡೋಕೆ ಶುರು ಮಾಡಿದರು, ನಾನು ಕಾಲೊರಸು ತೆಗೆಯೋದು ಮರೆತೆ. ನಮ್ಮ ಬೀದಿಯ ಜನ ತುಂಬಾ ಮರ್ಯಾದಸ್ಥರು. ಬರೆದಿದ್ದನ್ನು ಬರೆದ ಹಾಗೇ ಪಾಲಿಸಿದರು.

ಆ ವರ್ಷವೆಲ್ಲ ನನ್ನ ಮನೆಯೊಳಗೆ ಕಾಲಿಟ್ಟಿದ್ದು ಪಕ್ಕದ ಮನೆ ಬೆಕ್ಕು ಒಂದೇ. ಅದಕ್ಕೆ ಓದು ಬರ್ತಿರಲಿಲ್ಲ.

ತುರ್ತು ಸಂಪರ್ಕ

ಇದೆಲ್ಲ ಆದ ಮೇಲೆ ತುಮಕೂರಲ್ಲಿ ನಮ್ಮಂಥ ಸಣ್ಣ ಉದ್ಯಮದವರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಜಾಗತಿಕ ಬಿಕ್ಕಟ್ಟಿನಲ್ಲಿ ವ್ಯಾಪಾರ ಗಟ್ಟಿ ಮಾಡಿಕೊಳ್ಳುವುದು ಹೇಗೆ ಅಂತ ವಿಷಯ. ಮಧ್ಯಾಹ್ನ ಊಟ ಇದೆ ಅಂದರು. ಗುಂಪಿನಲ್ಲಿ ಕೂತು ಉಂಡು ಬಹಳ ದಿನವಾಗಿತ್ತು, ಹೋದೆ.

ಹೇಳಿಕೊಡೋಕೆ ಬಂದವರು ಕೋಟು ಹಾಕಿದ್ದ ಹುಡುಗು ಮುಖದ ಸರ್. ಚೆನ್ನಾಗೇ ಮಾತಾಡಿದರು. ಒಬ್ಬನೇ ಗಿರಾಕಿ, ಒಂದೇ ಮಾಲು, ಒಂದೇ ಊರಿನ ಸಾಮಾನು, ಹೀಗೆ ಯಾವುದೇ ಒಂದನ್ನೇ ನೆಚ್ಚಿಕೊಂಡರೆ ಲೋಕ ಅಲ್ಲಾಡಿದಾಗ ನೀವು ಬೀಳ್ತೀರಿ ಅಂದರು. ನಾನು ಮನಸ್ಸಿನಲ್ಲೇ ನೋಡಿಕೊಂಡೆ. ರೋಗ ಹೋದ ಮೇಲೆ ಹೊರಗೇ ನಿಲ್ಲಿ ಅನ್ನೋದನ್ನು ಕೊಳ್ಳೋರಿಲ್ಲ, ಮತ್ತೆ ಆರ್ಡರ್ ಕೊಡೋಕೆ ಶುರು ಮಾಡಿದ್ದು ಜರ್ಮನಿ ಮೇಡಂ ಮಾತ್ರ. ಗಿರಾಕಿ ಒಬ್ಬರು, ಮಾಲು ಒಂದು. ಮನೆಗೆ ಹೋದರೆ ಅಲ್ಲೂ ಒಂದೇ ತಟ್ಟೆ ತೊಳೆಯೋದು.

ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ನಾಳೆ ನಿಮಗೆ ಏನಾದರೂ ಆದರೆ ತಕ್ಷಣ ಯಾರು ಬಂದು ವ್ಯವಹಾರ ನೋಡ್ಕೋತಾರೆ, ಅವರ ಫೋನ್ ನಂಬರ್ ಬರೀರಿ ಅಂದರು. ಸುತ್ತ ಎಲ್ಲರೂ ಗಂಡನದೋ ಹೆಂಡತಿಯದೋ ತಮ್ಮನದೋ ನಂಬರು ಗೀಚತೊಡಗಿದರು. ನನ್ನ ಪೆನ್ನು ನಿಂತಿತು. ಸಾಬರು ನೆನಪಾದರು, ಆದರೆ ಅವರ ಮನೆಯ ಫೋನು ಯಾವಾಗಲೂ ಅವರ ಬೀಬಿ ಹತ್ತಿರ ಇರುತ್ತೆ, ಚಾರ್ಜ್ ಇರೋದಿಲ್ಲ. ಜರ್ಮನಿ ಮೇಡಂ ಹೆಸರು ಬರೆಯೋಣ ಅಂತ ಕೂಡ ಒಂದು ಗಳಿಗೆ ಅನಿಸಿತು. ಖಾಲಿ ಕೊಟ್ಟರೆ ಅವಮಾನ ಅಂತ ನನ್ನ ನಂಬರನ್ನೇ ಬರೆದೆ.

ಬರೆದಾದ ಮೇಲೆ ಸರ್ ಇನ್ನೊಂದು ಹೇಳಿದರು. ಬರೀ ಬರೆದರೆ ಸಾಲದು, ಈಗಲೇ ಫೋನ್ ಮಾಡಿ, ಕಷ್ಟಕ್ಕೆ ಎತ್ತುತ್ತಾರೋ ಇಲ್ಲವೋ ನೋಡೋಣ ಅಂತ. ಹಾಲ್ ತುಂಬಾ ಹಲೋ ಹಲೋ. ನನ್ನ ಪಕ್ಕ ಬೆಳ್ಳಾವಿಯಲ್ಲಿ ಹಪ್ಪಳ ಮಾಡುವ ಹೆಂಗಸು ಕೂತಿದ್ದಳು. ಅವಳ ಗಂಡ ಫೋನ್ ಎತ್ತಿದವನೇ, ಮೋಡ ಹಾಕಿದೆ, ಹಪ್ಪಳ ಒಳಗೆ ತೆಗೀಲಾ ಬೇಡ್ವಾ ಅಂತ ಕೇಳಿದ. ಅವಳು ಚೀಲ ಎತ್ತಿಕೊಂಡು ತರಬೇತಿ ಬಿಟ್ಟು ಎದ್ದೇ ಹೋದಳು. ಅವತ್ತಿನ ಪಾಠ ನಿಜವಾಗಿ ಕಲಿತವಳು ಅವಳೊಬ್ಬಳೇ.

ಎಲ್ಲರೂ ಮಾಡುತ್ತಿದ್ದರಲ್ಲ ಅಂತ ನಾನೂ ಫೋನ್ ಒತ್ತಿ ಕಿವಿಗಿಟ್ಟುಕೊಂಡೆ. ನೀವು ಕರೆ ಮಾಡಿರುವ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ ಅಂತ ಒಂದು ಹೆಣ್ಣು ದನಿ ಹೇಳಿತು. ನನ್ನ ನಂಬರಿಗೆ ನಾನೇ ಫೋನ್ ಮಾಡಿದರೂ ನಾನು ಸಿಗೋದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಅಷ್ಟರಲ್ಲಿ ಸರ್ ಹತ್ತಿರ ಬಂದು ಏನಾಯ್ತು ಮೇಡಂ ಅಂದರು.

"ಬಿಜಿ ಇದಾರೆ ಸರ್."

ಅವರು ಮೆಚ್ಚಿಕೊಂಡು ತಲೆ ಆಡಿಸಿದರು. "ಒಳ್ಳೆ ಆಯ್ಕೆ ಮಾಡಿದೀರಾ ಮೇಡಂ. ಬಿಜಿ ಇರೋರೇ ಜವಾಬ್ದಾರಿ ತಗೊಳ್ಳೋದು."

ಕುಣಿಗಲ್ಲಿನ ಗಿರಾಕಿ

ತರಬೇತಿಯ ಮಾತು ತಲೆಯಲ್ಲಿ ಕೂತಿತ್ತು. ಇನ್ನೊಬ್ಬ ಗಿರಾಕಿ ಹುಡುಕಲೇಬೇಕು ಅನ್ನೋಷ್ಟರಲ್ಲಿ ಹಡಗಿನ ಗಲಾಟೆ ಶುರುವಾಯಿತು. ಮಾಲು ಊರೆಲ್ಲ ಸುತ್ತಿ ಹೋಗಬೇಕು, ಸಾಗಾಟ ದುಬಾರಿ, ಮೇಡಂ ಆರ್ಡರ್ ಅರ್ಧ ಮಾಡಿದರು. ಕಾಲೊರಸಿನ ಬೆನ್ನಿಗೆ ಬಳಿಯೋ ರಬ್ಬರ್ ಅಂಟೂ ದುಬಾರಿಯಾಯಿತು. ಆಗ ಸಾಬರು, ಹೊರಗಿನ ಅಂಟು ಯಾಕಮ್ಮಾ, ಹುಣಸೆ ಬೀಜದ ಅಂಟು ನಾನೇ ಮಾಡ್ತೀನಿ, ನಮ್ಮಜ್ಜ ಮಾಡ್ತಿದ್ದರು ಅಂದರು. ಕುದಿಸಿ ಮಾಡಿದರು. ಗಟ್ಟಿಯಾಗಿ ಹಿಡಿಯಿತು. ನಾವು ಇಡೀ ಲೋಕವನ್ನೇ ಗೆದ್ದ ಹಾಗೆ ಅವತ್ತು ಬೋಂಡಾ ತರಿಸಿ ತಿಂದೆವು.

ಕುಣಿಗಲ್ ಪಕ್ಕ ಒಬ್ಬರು ಕುದುರೆ ಸಾಕ್ತಾರೆ, ಲಾಯದ ನೆಲಕ್ಕೆ ಹಾಸೋಕೆ ಏನೋ ಹುಡುಕ್ತಾ ಇದ್ದಾರೆ ಅಂತ ಯಾರೋ ಹೇಳಿದರು. ಕುದುರೆ ಮಲಗೋ ಅಷ್ಟು ದೊಡ್ಡ ಹಾಸು ನೇಯಿಸಿ, ಬೆನ್ನಿಗೆ ಹೊಸ ಅಂಟು ಬಳಿದು, ಸುರುಳಿ ಸುತ್ತಿಕೊಂಡು ಸಾಬರೂ ನಾನೂ ಬಸ್ಸು ಹತ್ತಿದೆವು. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ.

ಅಲ್ಲಿನ ಮ್ಯಾನೇಜರ್ ಒಳ್ಳೆಯವರು. ಒಂದು ಕಂದು ಕುದುರೆಯ ಲಾಯದಲ್ಲಿ ಹಾಸಿ ನೋಡೋಣ ಅಂದರು. ನೋಡಿಕೊಳ್ಳುವ ಆಳು ಹಾಸಿದ. ನಾನು ಮ್ಯಾನೇಜರಿಗೆ ವಿವರಿಸುತ್ತಾ ನಿಂತೆ. ಶುದ್ಧ ನಾರು, ನೀರು ನಿಲ್ಲೋದಿಲ್ಲ, ವರ್ಷಗಟ್ಟಲೆ ಬಾಳಿಕೆ ಬರುತ್ತೆ ಅಂತ. ನನ್ನ ಬೆನ್ನ ಹಿಂದೆ ಕುದುರೆ ಮೂಲೆಯೊಂದನ್ನು ಮಗುಚಿ ನೆಕ್ಕಿತಂತೆ. ಆಮೇಲೆ ಕಚ್ಚಿತಂತೆ. ನಾನು ಬಾಳಿಕೆಯ ಮಾತು ಮುಗಿಸಿ ತಿರುಗಿದಾಗ ಒಂದು ಅಂಚು ಪೂರ್ತಿ ಇರಲಿಲ್ಲ.

ಸಾಬರು ನನ್ನ ಪಕ್ಕ ಬಂದು ತಗ್ಗಿದ ದನಿಯಲ್ಲಿ ಅಂದರು, "ಅಮ್ಮಾ, ಅಂಟು ಚೆನ್ನಾಗಿ ಹಿಡೀಲಿ ಅಂತ ಸ್ವಲ್ಪ ಬೆಲ್ಲ ಹಾಕಿದ್ದೆ."

ಮ್ಯಾನೇಜರ್ ಕೋಪ ಮಾಡಿಕೊಳ್ಳಲಿಲ್ಲ. ಹಾಸಿನ ರೇಟಿಗಾದರೆ ಬೇಡ ಮೇಡಂ, ಮೇವಿನ ರೇಟಿಗೆ ಕೊಡೋದಾದರೆ ಹೇಳಿ ಅಂದರು.

ಮನೆಗೆ ಬಂದ ಮೇಲೆ ನನಗೆ ಹೆದರಿಕೆ ಹಿಡಿಯಿತು. ಕುದುರೆ ಹೊಟ್ಟೆ ಕೆಟ್ಟರೆ ಏನು ಗತಿ. ದಿನಾ ಸಾಯಂಕಾಲ ಆ ಆಳಿಗೆ ಫೋನ್ ಮಾಡಿ ಕುದುರೆ ಹೇಗಿದೆ, ಮೇವು ತಿಂತಾ, ನಿದ್ದೆ ಮಾಡ್ತಾ ಅಂತ ವಿಚಾರಿಸಿದೆ. ಕುದುರೆಗೆ ಏನೂ ಆಗಿರಲಿಲ್ಲ. ಆದರೂ ನಾನು ಬಿಡಲಿಲ್ಲ, ಸಾಯಂಕಾಲ ಮಾತಾಡೋಕೆ ಒಂದು ನೆಪ ಸಿಕ್ಕಿತ್ತು. ಕೊನೆಗೊಂದು ದಿನ ಅವನೇ ಫೋನ್ ಮಾಡಿ, ಅಂಟಿಲ್ಲದ ಹಾಸು ಕಳಿಸಬೇಕಂತೆ, ಸಾಹೇಬರು ಹೇಳಿದ್ರು ಅಂದ. ಅಷ್ಟಕ್ಕೇ ಸುಮ್ಮನಿರದೆ, ಕುದುರೆ ಆರಾಮಾಗೈತೆ ಅಮ್ಮಾರೇ, ನೀವು ಹೆಂಗಿದ್ದೀರಾ ಅಂತಲೂ ಕೇಳಿದ.

ಆರ್ಡರ್ ಕೈತಪ್ಪಬಾರದು ಅಂತ ಈ ಸಲ ನಾನು ಮಂಡಿ ವಿಷಯ ತೆಗೆಯಲಿಲ್ಲ.

ಫ್ಯಾಮಿಲಿ ಸೀನ್

ಕುದುರೆ ಹಾಸು ಹೋಯಿತು, ಅದನ್ನು ನೋಡಿ ಹಸು ಸಾಕೋರು ಕೇಳಿದರು, ಮೇಡಂ ಆರ್ಡರೂ ಮೆಲ್ಲಗೆ ಏರಿತು. ದೊಡ್ಡ ದೊಡ್ಡ ಶೆಡ್ಡು ಮುಚ್ಚಿದಾಗ ಇವರದು ಹೇಗೆ ನಿಂತಿತು ಅಂತ ತಿಳಿದುಕೊಳ್ಳೋಕೆ, ಮೊಬೈಲಿನಲ್ಲಿ ಚಾನೆಲ್ ನಡೆಸುವ ಒಬ್ಬ ಯುವಕ ಬಂದ. ಶೆಡ್ಡಿನಲ್ಲಿ ಎಲ್ಲ ವೀಡಿಯೋ ತೆಗೆದುಕೊಂಡ. ಹೋಗುವಾಗ, ಭಾನುವಾರ ನಿಮ್ಮ ಮನೆಗೆ ಬರ್ತೀನಿ ಮೇಡಂ, ಫ್ಯಾಮಿಲಿ ಜೊತೆ ಒಂದು ಸೀನ್ ಬೇಕು ಅಂದ. ನಾನು ಯಾರಿಗೂ ಇಲ್ಲ ಅಂದು ಅಭ್ಯಾಸವಿಲ್ಲದೆ ಆಗ್ಲಿ ಅಂದುಬಿಟ್ಟೆ.

ಅವನು ಹೋದ ಮೇಲೆ ಸಂಕಟ ಶುರುವಾಯಿತು. ಫ್ಯಾಮಿಲಿ ಎಲ್ಲಿಂದ ತರೋದು. ಮನೆಯವರೆಲ್ಲ ದೇವರಾಯನದುರ್ಗಕ್ಕೆ ಹೋಗಿದ್ದಾರೆ ಅಂತ ಅವನಿಗೆ ಫೋನ್ ಮಾಡಿ ಹೇಳಿಬಿಡಿ ಸಾಬ್ರೇ ಅಂದೆ. ಅವರು ಬಣ್ಣದ ಕುಂಚ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಸುಳ್ಳು ಯಾಕಮ್ಮಾ ಹೇಳೋದು. ನಾವು ಬರ್ತೀವಿ ಬುಡಿ."

ಭಾನುವಾರ ಬಂದೇಬಿಟ್ಟರು. ಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ಮೇಲೆ ಹೊಸ ಟೋಪಿ. ಅವರ ಬೀಬಿ ಕೈಯಲ್ಲಿ ದೊಡ್ಡ ಪಾತ್ರೆ. ನಾನು ಮಾಂಸ ತಿನ್ನೋದಿಲ್ಲ ಅಂತ ತರಕಾರಿ ಪಲಾವು ಮಾಡಿ ತಂದಿದ್ದರು. ದೊಡ್ಡಕ್ಕ ಮದುವೆಯ ರೇಷ್ಮೆ ಸೀರೆಯಲ್ಲಿ, ಚಿಕ್ಕೋಳು ತಲೆ ತುಂಬಾ ಕನಕಾಂಬರದಲ್ಲಿ. ಬೀಬಿ ನೇರ ಅಡುಗೆಮನೆಗೆ ಹೋಗಿ ತಟ್ಟೆ ಎಲ್ಲಿವೆ ಅಂದರು. ಎರಡಿದೆ ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು. ಚಿಕ್ಕೋಳನ್ನು ಕೆಳಗಿನ ಮನೆಗೆ ಕಳಿಸಿದರು. ತಟ್ಟೆಗಳ ಜೊತೆ ಓನರಮ್ಮನೂ ಮೇಲೆ ಬಂದು ಕೂತರು. ನನ್ನ ಮನೆಯ ಹಾಲ್ ಚಿಕ್ಕದು ಅಂತ ಅವತ್ತೇ ನನಗೆ ತಿಳಿದದ್ದು.

ಯುವಕ ಬಂದು ಕ್ಯಾಮೆರಾ ನಿಲ್ಲಿಸಿ, ಒಬ್ಬೊಬ್ಬರೇ ಮೇಡಂಗೆ ಏನಾಗಬೇಕು ಅಂತ ಹೇಳಿ ಅಂದ.

ಸಾಬರು ಗಂಟಲು ಸರಿ ಮಾಡಿಕೊಂಡು, ಅಣ್ಣ ಅಂದರು. ಯುವಕ ಅವರ ಟೋಪಿ ನೋಡಿದ, ನನ್ನ ಹಣೆಯ ಬೊಟ್ಟು ನೋಡಿದ, ಮುಂದೆ ಹೋದ. ಬೀಬಿ ಅತ್ತಿಗೆ ಅಂದರು. ಇಲ್ಲೀತನಕ ಸರಿಯಾಗೇ ಇತ್ತು. ದೊಡ್ಡಕ್ಕನ ಸರದಿ ಬಂತು. ಬಸ್ಸಿನಲ್ಲಿ ಬರುವಾಗ ದೊಡ್ಡಕ್ಕ ಅಕ್ಕ, ಚಿಕ್ಕೋಳು ಮಗಳು ಅಂತ ಇಬ್ಬರೂ ಮಾತಾಡಿಕೊಂಡಿದ್ದರಂತೆ. ಕ್ಯಾಮೆರಾ ಕಂಡು ದೊಡ್ಡಕ್ಕನಿಗೆ ಎಲ್ಲ ಮರೆತುಹೋಯಿತು. ನರೆತ ತಲೆಗೆ ಸೆರಗು ಎಳೆದುಕೊಂಡು ಅವಳು ಹೇಳಿದಳು, "ನಾನು ದೊಡ್ಡ ಮಗಳು."

ಚಿಕ್ಕೋಳು ಬಿಡಲಿಲ್ಲ. ಅದು ಹೆಂಗಾಗುತ್ತೆ, ಮಗಳು ನಾನು ತಾನೇ, ನೀನು ಬೇರೆ ಏನಾದ್ರೂ ಆಗು ಅಂದಳು. ಹಂಗಾದ್ರೆ ನೀನು ಚಿಕ್ಕ ಮಗಳಾಗು, ನಾನು ಒಂದ್ಸಲ ಹೇಳಿದ್ದು ಹೇಳಿದ್ದೇ ಅಂತ ದೊಡ್ಡಕ್ಕ. ಯುವಕ ಇಬ್ಬರನ್ನೂ ನೋಡಿ, ನನ್ನ ಕಡೆ ತಿರುಗಿ, ಮೇಡಂ ನಿಮಗೆ ಎಷ್ಟು ವಯಸ್ಸು ಅಂತ ಕೇಳಿದ. ನಾನು ಎಡಿಟ್ ಮಾಡ್ಕೊಳ್ಳಿ ಅಂದೆ. ಮೂಲೆಯಲ್ಲಿದ್ದ ಓನರಮ್ಮನ ಕಡೆ ಕ್ಯಾಮೆರಾ ಹೋದಾಗ ಅವರು ತಾವಾಗಿಯೇ, ನಾನು ಓನರ್ ಅಂದರು. ಅವನು ಇನ್ನೂ ಗಾಬರಿಯಾಗಿ, ಕಂಪನಿ ನಿಮ್ಮದಾ ಅಂದ. ಅಲ್ಲಪ್ಪ, ಮನೆ ನಂದು ಅಂದರು.

ಕೊನೆಗೆ ನನ್ನ ಮುಂದೆ ಮೈಕ್ ಹಿಡಿದು, ಇಷ್ಟು ಕಷ್ಟದಲ್ಲೂ ನೀವು ಗಟ್ಟಿಯಾಗಿ ನಿಂತಿರಲ್ಲ, ಅದಕ್ಕೆ ಏನು ಕಾರಣ ಅಂತ ಕೇಳಿದ. ತರಬೇತಿಯಲ್ಲಿ ಕಲಿತ ಮಾತನ್ನೆಲ್ಲ ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಬಾಯಿ ತೆಗೆಯೋಷ್ಟರಲ್ಲಿ ಬೀಬಿ, ಅದೆಲ್ಲ ಆಮೇಲೆ ಹೇಳ್ತಾರೆ, ಪಲಾವು ಆರೋಗುತ್ತೆ, ಮೊದಲು ಎಲ್ಲ ಕೂತ್ಕೊಳ್ಳಿ ಅಂದರು. ಮೈಕ್ ಕೆಳಗಿಟ್ಟು ಯುವಕನೂ ಕೂತ. ಕತ್ತಲಾಗೋವರೆಗೂ ಯಾರೂ ಏಳಲಿಲ್ಲ.

ಅವರೆಲ್ಲ ಕೊನೇ ಬಸ್ಸಿಗೆ ಹೋದ ಮೇಲೆ ನಾನು ಓನರಮ್ಮನ ತಟ್ಟೆಗಳನ್ನು ತೊಳೆದೆ. ಬೇಕಂತಲೇ ನಿಧಾನವಾಗಿ ತೊಳೆದೆ.

ಮರುದಿನ ಯುವಕ ಫೋನ್ ಮಾಡಿದ. ವೀಡಿಯೋ ತುಂಬಾ ಚೆನ್ನಾಗಿ ಬಂದಿದೆ ಮೇಡಂ, ಇನ್ನೇನೂ ಬೇಕಿಲ್ಲ, ಥ್ಯಾಂಕ್ಸ್ ಅಂದ. ನಾನು ಶೆಡ್ಡಿಗೆ ಹೋಗಿ ಮೂವರನ್ನೂ ಕರೆದು ಹೇಳಿದೆ, "ಸೌಂಡ್ ಸರಿಯಾಗಿ ಬಂದಿಲ್ವಂತೆ. ಬರೋ ಭಾನುವಾರ ಎಲ್ಲರೂ ಇನ್ನೊಂದ್ಸಲ ಬರಬೇಕಂತೆ."

ಪಾಪ ಹುಡುಗ, ಅಷ್ಟು ದೂರದಿಂದ ಬಂದಿದ್ದ ಅಂತ ಮೂವರೂ ಮರುಕಪಟ್ಟರು. ಭಾನುವಾರ ಸಾಬರು ಅದೇ ಬಿಳಿ ಅಂಗಿ, ಬೀಬಿ ಇನ್ನೂ ದೊಡ್ಡ ಪಾತ್ರೆ, ದೊಡ್ಡಕ್ಕ ಅದೇ ರೇಷ್ಮೆ ಸೀರೆ. ಕಾಲು ತೊಳೆದು ಒಳಗೆ ಬಂದು, ಗೋಡೆಗೆ ಒರಗಿ ಕೂತು, ಉಂಡು, ಎಲೆ ಅಡಿಕೆ ಹಾಕಿಕೊಂಡರು. ಕ್ಯಾಮೆರಾ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಹಿರೀ ಮಗಳು ಯಾರು ಅನ್ನೋ ಜಗಳ ಮಾತ್ರ ಇನ್ನೂ ಮುಗಿದಿಲ್ಲ.